ಕಾಲಷ್ಟೇ ಅಲ್ಲ, ಬಿ.ಪಿ.ಯನ್ನೂ ನೋಡಿ
ಆನುವಂಶಿಕ ರಿಕೆಟ್ಸ್ ಇರುವ ಮಕ್ಕಳ ಪೋಷಕರ ಹಕ್ಕೊತ್ತಾಯ ಪತ್ರ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳು, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಸನ್ನಿಧಿಗೆ,

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಪೋಷಕರಾದ ನಾವು ಸಲ್ಲಿಸುವ ಬೇಡಿಕೆಗಳಿವು.

ನಮ್ಮ ಮಕ್ಕಳ ಕಾಲು ಬಾಗಿರುವುದು ಬಿಸಿಲು ಬೀಳದೆ ಅಲ್ಲ, ಹಾಲು ಮೊಟ್ಟೆ ಕೊಡದೆಯೂ ಅಲ್ಲ. ಎಕ್ಸ್ ವರ್ಣತಂತುವಿನಲ್ಲಿರುವ ಫೆಕ್ಸ್ ಎಂಬ ವಂಶವಾಹಿ ಕೆಟ್ಟರೆ ಎಫ್‌ಜಿಎಫ್-23 ಎಂಬ ಹಾರ್ಮೋನು ಮಿತಿಮೀರುತ್ತದೆ, ಮೂಳೆಗೆ ಬೇಕಾದ ರಂಜಕವೆಲ್ಲ ಮೂತ್ರದಲ್ಲಿ ಹೋಗಿಬಿಡುತ್ತದೆ. ವೈದ್ಯರು ಎಕ್ಸ್‌ಎಲ್‌ಎಚ್ ಎನ್ನುವ ಈ ಬಗೆಯ ರಿಕೆಟ್ಸ್ ಸುಮಾರು 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ದಿನಕ್ಕೆ ನಾಲ್ಕಾರು ಸಲ ರಂಜಕದ ದ್ರಾವಣ, ಜೊತೆಗೆ ಕ್ಯಾಲ್ಸಿಟ್ರಯಾಲ್, ಇದು ಚಿಕಿತ್ಸೆ. ಕಾಲು ನೆಟ್ಟಗಾಗಲೆಂದು ಕೊಡುವ ಇದೇ ಔಷಧದ ಅಳತೆ ತಪ್ಪಿದರೆ ಕಿಡ್ನಿಯಲ್ಲಿ ಸುಣ್ಣ ಕಟ್ಟಬಹುದು, ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಬಹುದು, ರಕ್ತದೊತ್ತಡ ಏರಬಹುದು. ತೂಕದ್ದು ಇನ್ನೊಂದು ಸಂಕಟ, ಅದೂ ಬಿ.ಪಿ. ಏರಿಸಬಹುದು. ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರ ತೂಕ ಹೆಚ್ಚಿದೆಯೆಂದು ಫ್ರಾನ್ಸಿನ ವೈದ್ಯರು 2020ರಲ್ಲಿ ಪ್ರಕಟಿಸಿದ್ದಾರೆ. ನಮ್ಮಲ್ಲಿ ತಪಾಸಣೆಗೆ ಹೋದಾಗಲೆಲ್ಲ ಕಾಲಿನ ಎಕ್ಸ್-ರೇ ಆಗುತ್ತದೆ. ತೋಳಿಗೆ ಬಿ.ಪಿ. ಪಟ್ಟಿ ಸುತ್ತುವವರು ಅಪರೂಪ. ಆದ್ದರಿಂದ ಒತ್ತಾಯಿಸುತ್ತೇವೆ:

1. ಮೂರು ವರ್ಷ ತುಂಬಿದ ಇಂಥ ಪ್ರತಿ ಮಗುವಿಗೂ ಪ್ರತಿ ಭೇಟಿಯಲ್ಲೂ ಬಿ.ಪಿ. ನೋಡಬೇಕು, ಚೀಟಿಯಲ್ಲಿ ಬರೆಯಬೇಕು. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಮಕ್ಕಳ ಅಳತೆಯ ಪಟ್ಟಿಗಳಿರಬೇಕು. ದೊಡ್ಡವರ ಪಟ್ಟಿಯನ್ನು ಸಣ್ಣ ತೋಳಿಗೆ ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಹೆಚ್ಚು ತೋರಿಸುತ್ತದೆ. ಮಗು ಅಳುತ್ತಿರುವಾಗ ಒಂದೇ ಸಲ ನೋಡಿ ಬರೆದುಕೊಳ್ಳುವುದು ಬೇಡ. ಐದು ನಿಮಿಷ ಕೂರಿಸಿ, ಮತ್ತೆ ನೋಡಿ.

2. ದೊಡ್ಡವರ 120/80ರ ಲೆಕ್ಕವನ್ನು ನಮ್ಮ ಮಕ್ಕಳಿಗೆ ಹಚ್ಚಬಾರದು. ಮಕ್ಕಳ ಬಿ.ಪಿ. ಮಿತಿ ವಯಸ್ಸು, ಲಿಂಗ, ಎತ್ತರ ಮೂರನ್ನೂ ನೋಡಿ ನಿಗದಿಯಾಗುತ್ತದೆ, ಕುಳ್ಳಗಿರುವ ಮಗುವಿಗೆ ಆ ಮಿತಿ ಇನ್ನೂ ಕೆಳಗೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಕೊಟ್ಟ ಸರಳ ಕೋಷ್ಟಕದ ಪ್ರಕಾರ 8 ವರ್ಷದ ಮಗುವಿನ ಬಿ.ಪಿ. 107/69 ಮುಟ್ಟಿದರೇ ಮರುಪರೀಕ್ಷೆ ಆಗಬೇಕು. ಆ ಮಗುವಿಗೆ 120/80 ಬಂದಾಗ ‘ನಾರ್ಮಲ್’ ಎಂದು ಮನೆಗೆ ಕಳಿಸುವುದು ಅಪಾಯ. ಕೋಷ್ಟಕವನ್ನು ಕನ್ನಡದಲ್ಲಿ ಅಚ್ಚುಮಾಡಿ ಪ್ರತಿ ಕೇಂದ್ರದ ಗೋಡೆಗೂ ಅಂಟಿಸಬೇಕು.

3. ತೂಕವನ್ನು ಬಿಎಂಐ ಒಂದರಿಂದಲೇ ಅಳೆಯಬಾರದು. ಕಾಲು ಬಾಗಿ ಎತ್ತರ ಕುಗ್ಗಿದ ಮಗುವಿನ ಬಿಎಂಐ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕುಳಿತ ಎತ್ತರ, ಸೊಂಟದ ಸುತ್ತಳತೆ ಎರಡನ್ನೂ ಬರೆದುಕೊಳ್ಳಲಿ. ತೂಕ ನಿಜಕ್ಕೂ ಹೆಚ್ಚಿದ್ದರೆ ಆಹಾರ ತಜ್ಞರು ತಾಯಿಯ ಜೊತೆ ಕೂತು ಮಾತಾಡಲಿ. ರಾಗಿ ಮುದ್ದೆ, ಕಾಳಿನ ಸಾರು, ಮೊಟ್ಟೆ ಬಿಡಿಸಬೇಡಿ. ಬೇಕರಿ ತಿಂಡಿ, ಉಪ್ಪಿನ ಪ್ಯಾಕೆಟ್ ಕುರುಕಲು, ಸಿಹಿ ಪಾನೀಯ ಬಿಡಿಸಿ. ಬಾಗಿದ ಕಾಲಿನ ಮೇಲೆ ಏರುವ ಒಂದೊಂದು ಕಿಲೋ ಕೂಡ ಕೀಲಿಗೆ ನೋವು. ನೋವಾದ ಮಗು ಕೂತೇ ಇರುತ್ತದೆ, ಕೂತಷ್ಟೂ ತೂಕ ಏರುತ್ತದೆ.

4. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಅವರ ಪಟ್ಟಿಯಲ್ಲಿ ರಿಕೆಟ್ಸ್ ಇರುವುದು ಡಿ ವಿಟಮಿನ್ ಕೊರತೆಯಾಗಿ. ಡಿ ವಿಟಮಿನ್ ಕೊಟ್ಟರೂ ವಾಸಿಯಾಗದ ಮಗುವನ್ನು ‘ಮಾತ್ರೆ ಸರಿಯಾಗಿ ನುಂಗಿಸಿಲ್ಲ’ ಎಂದು ತಾಯಿಯನ್ನು ಬೈದು ಕಳಿಸದೆ, ರಕ್ತದ ರಂಜಕ ಪರೀಕ್ಷೆಗೆ ಬರೆದುಕೊಡಬೇಕು. ಕೊಳವೆಬಾವಿ ನೀರನ್ನೇ ನಂಬಿದ ಊರುಗಳಲ್ಲಿ, ಅದೂ ಕಾಲು ಬಾಗಿಸಬಲ್ಲದಾದ್ದರಿಂದ, ನೀರಿನ ಫ್ಲೋರೈಡನ್ನೂ ನೋಡಬೇಕು.

5. ಕಾರಣ ತಿಳಿಯದೆ ಡಿ ವಿಟಮಿನ್ನಿನ ದೊಡ್ಡ ಡೋಸುಗಳನ್ನು, 60,000 ಯೂನಿಟ್ಟಿನ ಸ್ಯಾಶೆಗಳನ್ನು, ಇಂಜೆಕ್ಷನ್ನುಗಳನ್ನು ಮೇಲಿಂದ ಮೇಲೆ ಕೊಡುವುದು ನಿಲ್ಲಲಿ. ಅದರಿಂದ ಹೆಚ್ಚಾದ ಕ್ಯಾಲ್ಸಿಯಂ ಹೋಗಿ ಕೂರುವುದು ಕಿಡ್ನಿಯಲ್ಲೇ.

6. ರಂಜಕ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ಮೂತ್ರದ ಕ್ಯಾಲ್ಸಿಯಂ ಪರೀಕ್ಷೆಗಳು ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಆಗಲಿ. ವರ್ಷಕ್ಕೊಮ್ಮೆ ಕಿಡ್ನಿ ಸ್ಕ್ಯಾನ್ ಇರಲಿ. ಒಂದು ರಕ್ತಪರೀಕ್ಷೆಗೆಂದು ದಿನಗೂಲಿ ಬಿಟ್ಟು ಬೆಂಗಳೂರಿಗೆ ಹೋಗುವ ಮನೆಯವರು ಮೂರನೇ ಸಲಕ್ಕೆ ಹೋಗುವುದನ್ನೇ ಬಿಡುತ್ತಾರೆ.

7. ರಂಜಕದ ದ್ರಾವಣ ತಿಂಗಳು ತಪ್ಪದೆ ಸರ್ಕಾರಿ ಔಷಧಾಲಯದಲ್ಲಿ ಸಿಗಬೇಕು. ಅದರಲ್ಲಿ ಸೋಡಿಯಂ ಇರುವುದನ್ನು ಬಿ.ಪಿ. ಏರಿದ ಮಗುವಿನ ವೈದ್ಯರು ಗಮನಿಸಬೇಕು.

8. ಶಾಲೆಗಳಿಗೆ: ಹಾಲಿನ ಜೊತೆ ಕುಡಿದ ರಂಜಕ ಸರಿಯಾಗಿ ಮೈಗೆ ಹತ್ತುವುದಿಲ್ಲ. ಆದ್ದರಿಂದ ಕ್ಷೀರಭಾಗ್ಯದ ಹಾಲಿಗೂ ಔಷಧಕ್ಕೂ ನಡುವೆ ಅಂತರ ಇರುವಂತೆ ಶಿಕ್ಷಕರು ನೋಡಿಕೊಳ್ಳಲಿ, ಹಾಲು ಮಾತ್ರ ತಪ್ಪಿಸುವುದು ಬೇಡ. ಆಟದ ಪಿರಿಯಡ್ಡಿನಲ್ಲಿ ಈ ಮಕ್ಕಳನ್ನು ತರಗತಿಯಲ್ಲಿ ಕೂರಿಸಬೇಡಿ. ಜಿಗಿಯುವ ಆಟ ಆಗದಿದ್ದರೆ ಚೆಂಡು ಎಸೆಯುವುದಾದರೂ ಆದೀತು. ‘ಗುಂಡ’, ‘ಸೊಟ್ಟಗಾಲ’ ಎಂದು ಕರೆಯುವುದನ್ನು ಶಿಕ್ಷಕರೇ ತಡೆಯಬೇಕು.

9. ಒಂದು ಮಗುವಿಗೆ ಎಕ್ಸ್‌ಎಲ್‌ಎಚ್ ಪತ್ತೆಯಾದರೆ ಮನೆಮಂದಿಗೆಲ್ಲ ಪರೀಕ್ಷೆಯಾಗಲಿ. ತಂದೆಗಿದ್ದರೆ ಹೆಣ್ಣುಮಕ್ಕಳೆಲ್ಲರಿಗೂ ಬರುತ್ತದೆ, ಗಂಡುಮಕ್ಕಳಿಗೆ ದಾಟುವುದಿಲ್ಲ; ತಾಯಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಬರಬಹುದು. ರಿಕೆಟ್ಸಿನ ಬೇರೆ ಕೆಲವು ಬಗೆಗಳಿಗೆ ಸೋದರಸಂಬಂಧದ ಮದುವೆ ದಾರಿ ಮಾಡುತ್ತದೆ, ಎಕ್ಸ್‌ಎಲ್‌ಎಚ್‌ಗೆ ಅದು ಕಾರಣವಲ್ಲ. ಸೊಸೆಯನ್ನು ದೂರುವ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಇದನ್ನು ಬಿಡಿಸಿ ಹೇಳುವಂತೆ ಅವರಿಗೆ ತರಬೇತಿ ಕೊಡಿ.

10. ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ 2021ರಲ್ಲಿ ಬಂತು, 2022ರಲ್ಲಿ ನೆರವಿನ ಮಿತಿ 50 ಲಕ್ಷ ರೂಪಾಯಿಗೆ ಏರಿತು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಅದರ ಕೇಂದ್ರವನ್ನು ನಡೆಸುತ್ತಿವೆ. ಜಿಲ್ಲೆಯಿಂದ ಅಲ್ಲಿಗೆ ಮಕ್ಕಳನ್ನು ಕಳಿಸಲು ಒಬ್ಬ ಅಧಿಕಾರಿಯನ್ನು ಹೆಸರಿಸಿ ನೇಮಿಸಿ. ಎಫ್‌ಜಿಎಫ್-23ನ್ನೇ ತಡೆಯುವ ಬುರೋಸುಮ್ಯಾಬ್ ಚುಚ್ಚುಮದ್ದಿಗೆ 2018ರಲ್ಲೇ ಅಮೆರಿಕ, ಯುರೋಪುಗಳಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಅಗತ್ಯವಿರುವ ಮಕ್ಕಳಿಗೆ ಅದನ್ನು ದೊರಕಿಸುವಂತೆ ಜಿಲ್ಲಾಡಳಿತ ಸರ್ಕಾರಕ್ಕೆ ಬರೆಯಲಿ.

ಇವುಗಳಲ್ಲಿ ಮೊದಲ ಎರಡಕ್ಕೆ ಬೇಕಾದದ್ದು ಚಿಕ್ಕ ಪಟ್ಟಿಗಳು, ಒಂದು ಅಚ್ಚಾದ ಹಾಳೆ ಮತ್ತು ಒಂದು ಸುತ್ತೋಲೆ. ಅವೆರಡನ್ನು ಈ ತಿಂಗಳೇ ಜಾರಿಗೆ ತನ್ನಿ. ಉಳಿದವುಗಳ ಬಗ್ಗೆ ಪೋಷಕರನ್ನು ಕರೆದು ಸಭೆ ನಡೆಸಿ, ಯಾವುದು ಯಾವ ದಿನಾಂಕದೊಳಗೆ ಎಂದು ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇವೆ.

ಇಂತಿ,
ನಾಲ್ಕು ತಾಲ್ಲೂಕುಗಳ ಪೋಷಕರು