ಮೂಕಚಿತ್ರಗಳು ಮೂಕವಾಗಿದ್ದುವೆ?

ಭಾರತದ ಮೂಕಚಿತ್ರಗಳೆಂದರೆ ಬರಿಯ ಪುರಾಣದ ಬೊಂಬೆಯಾಟ, ಅವುಗಳಲ್ಲಿ ರಾಜಕೀಯವನ್ನು ಅರಸುವುದು ಮರಳಿನಿಂದ ಎಣ್ಣೆ ತೆಗೆದಂತೆ ಎಂದು ವಾದಿಸುವ ವಿದ್ವಾಂಸರುಂಟು. ಈ ಮಾತು ನಿಜವಾಗಿದ್ದರೆ ಬ್ರಿಟಿಷ್ ಸರ್ಕಾರವು ವಿದುರನಿಗೆ ಹೆದರಿದುದೇಕೆ?

೧೯೨೧ರಲ್ಲಿ ಮುಂಬಯಿಯ ಕೊಹಿನೂರ್ ಕಂಪೆನಿಯವರು ‘ಭಕ್ತ ವಿದುರ’ವನ್ನು ತೆಗೆದರು. ನಿರ್ದೇಶಕರು ಕಾಂಜಿಭಾಯಿ ರಾಥೋಡ್. ವಿದುರನಾದವರು ಕಂಪೆನಿಯ ಒಡೆಯರಾದ ದ್ವಾರಕಾದಾಸ ಸಂಪತ್. ಆ ವಿದುರನು ಗಾಂಧಿ ಟೋಪಿಯನ್ನಿಟ್ಟು, ಖಾದಿಯನ್ನು ತೊಟ್ಟು ತೆರೆಯ ಮೇಲೆ ಬಂದನು. ೧೯೧೯ರ ರೌಲಟ್ ಶಾಸನದ ಗಾಯ ಇನ್ನೂ ಹಸಿಯಾಗಿದ್ದ ಕಾಲ. ಕೌರವನ ಸಭೆ ಯಾವುದೆಂಬುದನ್ನು ಪ್ರೇಕ್ಷಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮದರಾಸು, ಕರಾಚಿಗಳಲ್ಲಿ ಚಿತ್ರಕ್ಕೆ ನಿಷೇಧ ಬಂದಿತು. ೧೯೩೦ರಲ್ಲಿ ಶಾಂತಾರಾಮರ ಶಿವಾಜಿಯ ಚಿತ್ರವೂ ‘ಸ್ವರಾಜ್ಯ ತೋರಣ’ವೆಂಬ ಹೆಸರನ್ನು ಕಳೆದುಕೊಂಡು ‘ಉದಯಕಾಲ’ವಾಗಿ ಹೊರಬರಬೇಕಾಯಿತು. ಮಾತೇ ಇಲ್ಲದ ಚಿತ್ರದ ಬಾಯಿಗೆ ಬೀಗವಿಕ್ಕಿದ ಸರ್ಕಾರವೇ ಅದರ ರಾಜಕೀಯಕ್ಕೆ ಸಾಕ್ಷಿ.

ಆದರೆ ದೋಷವೆಲ್ಲವನ್ನೂ ಪರಕೀಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರು ತಂದುದು ನಿಷೇಧ. ನಾಶವನ್ನು ತಂದುದು ಸ್ವಜನರ ಔದಾಸೀನ್ಯ. ನೈಟ್ರೇಟ್ ಸುರುಳಿಗಳು ಬೆಂಕಿಗೂ ಹವೆಗೂ ತುತ್ತಾದುವು; ಬೆಳ್ಳಿಯ ಆಸೆಗೆ ಕರಗಿಸಲ್ಪಟ್ಟುವೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾದುದು ೧೯೬೪ರಲ್ಲಿ, ಸ್ವಾತಂತ್ರ್ಯ ಬಂದ ಹದಿನೇಳು ವರ್ಷಗಳ ತರುವಾಯ. ೨೦೦೩ರಲ್ಲಿ ಆ ಊರಿನಲ್ಲಿಯೇ ನೈಟ್ರೇಟ್ ಸುರುಳಿಗಳ ರಾಶಿಯೊಂದು ಬೆಂಕಿಗೆ ಆಹುತಿಯಾಯಿತು. ಸಾವಿರಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಉಳಿದುವು ಅತ್ಯಲ್ಪ.

ಒಂದು ತಾಳೆಯೋಲೆಗಾಗಿ ಊರೂರು ಅಲೆಯುವ ಪಂಡಿತಲೋಕವು ತುಕ್ಕು ಹಿಡಿದ ಡಬ್ಬಿಯ ಸುರುಳಿಯನ್ನೂ ಗ್ರಂಥವೆಂದೆಣಿಸಬೇಡವೆ? ನೋಡದೆಯೇ ಬೊಂಬೆಯಾಟವೆಂದು ತೀರ್ಪು ಕೊಡುವವರು ಮೊದಲು ಉಳಿದಿರುವುದನ್ನು ಕಾಪಾಡಲಿ, ತೀರ್ಪು ಆಮೇಲಾಗಲಿ.