ಹೊರಗಿನ ಊಟಕ್ಕೆ ಹೊರಡುವ ಮುನ್ನ



ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವವಳನ್ನು ಒಂದು ದಿನ ಯಾರಾದರೂ ಕೂರಿಸಿ ಬಡಿಸಿದರೆ ಅವಳಿಗೆ ಎಷ್ಟು ಸಂತೋಷವಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ಸಂತೋಷವೂ ಒಮ್ಮೊಮ್ಮೆ ನಮ್ಮದೇ ಅವಸರದಿಂದ ಕೆಟ್ಟು ಹೋಗುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಊರಿನಿಂದ ಅತ್ತೆ ಬಂದಿದ್ದರು. ಮದುವೆಯಾಗಿ ಹತ್ತು ವರ್ಷ ತುಂಬಿದ ದಿನ. ಗಂಡ ಬಹಳ ಆಸೆಯಿಂದ ದೊಡ್ಡ ಸ್ಟೇಕ್‌ಹೌಸ್ ಒಂದರಲ್ಲಿ ಟೇಬಲ್ ಕಾದಿರಿಸಿದ್ದ. ಮಂದ ಬೆಳಕು, ಬಿಳಿ ಮೇಜುಬಟ್ಟೆ, ಕೋಟು ಧರಿಸಿ ಬಡಿಸುವವರು. ಅತ್ತೆ ಮೆಲ್ಲಗೆ, "ಮಗಾ, ಇದು ಹಲಾಲಾ?" ಎಂದು ಕೇಳಿದರಂತೆ. "ಇಲ್ಲಿ ಎಲ್ಲರೂ ತಿನ್ನುತ್ತಾರೆ ಉಮ್ಮಾ" ಎಂದ ಮಗ. ತಟ್ಟೆ ಬಂತು. ಕತ್ತರಿಸಿದರೆ ಮಾಂಸದ ಒಳಗೆಲ್ಲ ಕೆಂಪು. ಅತ್ತೆ ಚಾಕು ಕೆಳಗಿಟ್ಟು, "ನನಗೆ ಹಸಿವಿಲ್ಲ, ನೀವು ತಿನ್ನಿ" ಎಂದರು. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಗಂಜಿ ಬೇಯಿಸಿ ಉಪ್ಪಿನಕಾಯಿಯ ಜೊತೆ ಉಂಡರು.

"ಟೀಚರ್, ಹಣ ಹೋದದ್ದಕ್ಕೆ ಬೇಸರವಿಲ್ಲ. ಆದರೆ ಅತ್ತೆಯ ಮುಖ ನೋಡಲು ನನ್ನಿಂದ ಆಗಲಿಲ್ಲ" ಎಂದಳು ಹುಡುಗಿ.

ತಪ್ಪು ಯಾರದು? ಹೋಟೆಲಿನವರು ತಮ್ಮ ಪದ್ಧತಿಯಂತೆ ಬಡಿಸಿದರು. ಮಗನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಅತ್ತೆಯಂತೂ ಯಾರನ್ನೂ ದೂರಲಿಲ್ಲ. ಕೇಳಬೇಕಾದದ್ದನ್ನು ಮೊದಲೇ ಯಾರೂ ಕೇಳಿರಲಿಲ್ಲ, ಅಷ್ಟೆ. ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿದ್ದಾರೆ. ನಾಳೆ ನೀವೂ ಮಗಳ ಬಾಣಂತನಕ್ಕೆಂದೋ ಮಗನ ಮನೆಗೆಂದೋ ಹೋಗಬಹುದು. ಆದ್ದರಿಂದ ಈ ಸಲ ಈ ವಿಷಯವನ್ನೇ ಮಾತಾಡೋಣ.

ಸ್ಟೇಕ್ ಎಂದರೆ ದಪ್ಪಗೆ ಕತ್ತರಿಸಿದ ದನದ ಮಾಂಸದ ತುಂಡು. ಮಸಾಲೆಯಿಲ್ಲ, ಸಾರಿಲ್ಲ. ಉಪ್ಪು, ಕರಿಮೆಣಸು, ಬೆಣ್ಣೆ, ಜೋರು ಬೆಂಕಿ, ಇಷ್ಟೆ. ಅದನ್ನೇ ಮುಖ್ಯ ಊಟವಾಗಿ ಬಡಿಸುವ ಜಾಗ ಸ್ಟೇಕ್‌ಹೌಸ್. ಅಮೆರಿಕದಲ್ಲಿ ಇವುಗಳಲ್ಲಿ ಎರಡು ಅಂತಸ್ತು. ಟೆಕ್ಸಾಸ್ ರೋಡ್‌ಹೌಸ್, ಔಟ್‌ಬ್ಯಾಕ್, ಲಾಂಗ್‌ಹಾರ್ನ್‌ಗಳು ಮಕ್ಕಳು ಮರಿ ಕಟ್ಟಿಕೊಂಡು ಹೋಗುವ ಮಧ್ಯಮ ದರದವು. ರೂತ್ಸ್ ಕ್ರಿಸ್, ಮಾರ್ಟನ್ಸ್, ಕ್ಯಾಪಿಟಲ್ ಗ್ರಿಲ್, ಫ್ಲೆಮಿಂಗ್ಸ್‌ಗಳು ದುಬಾರಿ ವರ್ಗದವು. ಊರೂರಲ್ಲಿ ಶಾಖೆಗಳಿರುವ ಇಂಥ ಸರಣಿಗಳ ದೊಡ್ಡ ಅನುಕೂಲವೆಂದರೆ ರುಚಿ, ಉಪಚಾರ, ದರ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಗೊತ್ತಿಲ್ಲದ ಊರಿನಲ್ಲಿ ಮೋಸ ಹೋಗುವ ಭಯ ಕಡಿಮೆ.

ಇವುಗಳಲ್ಲಿ ಒಂದನ್ನು ಬೆಳೆಸಿದವಳು ಒಬ್ಬ ಒಂಟಿ ತಾಯಿ ಎಂಬುದು ನಿಮಗೆ ಗೊತ್ತೇ? ರೂತ್ ಫರ್ಟೆಲ್ ಎಂಬಾಕೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ವೈದ್ಯಕೀಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ವಿಚ್ಛೇದಿತೆ, ಇಬ್ಬರು ಗಂಡುಮಕ್ಕಳು. ಸಂಬಳ ಮಕ್ಕಳ ಓದಿಗೆ ಸಾಲದು. 1965ರಲ್ಲಿ 'ಕ್ರಿಸ್ ಸ್ಟೇಕ್ ಹೌಸ್' ಎಂಬ ಸಣ್ಣ ಹೋಟೆಲು ಮಾರಾಟಕ್ಕಿದೆಯೆಂಬ ಜಾಹೀರಾತು ನೋಡಿ, ಮನೆಯನ್ನು ಅಡವಿಟ್ಟು ಅದನ್ನು ಕೊಂಡಳು. ಹೋಟೆಲು ನಡೆಸಿದ ಅನುಭವವೇ ಇರಲಿಲ್ಲ. ಸಣ್ಣ ಮೈಕಟ್ಟಿನ ಹೆಂಗಸು, ಮಾಂಸದ ದೊಡ್ಡ ತುಂಡುಗಳನ್ನು ಗರಗಸದಿಂದ ತಾನೇ ಕೊಯ್ಯಲು ಕಲಿತಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಟ್ಸಿ ಚಂಡಮಾರುತ ಬಡಿದು ಊರಿಗೆ ವಿದ್ಯುತ್ ಹೋಯಿತು. ಫ್ರಿಜ್ಜಿನ ಮಾಂಸ ಕೆಡುವ ಸ್ಥಿತಿ. ಆಕೆ ಅಷ್ಟನ್ನೂ ಬೇಯಿಸಿ ಸಂತ್ರಸ್ತರಿಗೂ ಪರಿಹಾರ ಕಾರ್ಯದವರಿಗೂ ಉಣಿಸಿದಳು. ಬಡಿಸುವ ಕೆಲಸಕ್ಕೆ ತನ್ನಂತೆಯೇ ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರನ್ನು ತೆಗೆದುಕೊಂಡಳು. 1976ರಲ್ಲಿ ಬೆಂಕಿ ಬಿದ್ದು ಹೋಟೆಲು ಸುಟ್ಟುಹೋಯಿತು. ಹಳೆಯ ಹೆಸರನ್ನು ಬೇರೆ ಜಾಗದಲ್ಲಿ ಬಳಸುವಂತಿಲ್ಲ ಎಂದು ಕರಾರಿತ್ತು. ಹಾಗಾಗಿ ತನ್ನ ಹೆಸರನ್ನು ಮುಂದೆ ಸೇರಿಸಿ 'ರೂತ್ಸ್ ಕ್ರಿಸ್' ಮಾಡಿದಳು. 2002ರಲ್ಲಿ ಆಕೆ ತೀರಿಕೊಂಡಳು. 2023ರಲ್ಲಿ ಡಾರ್ಡನ್ ಎಂಬ ದೊಡ್ಡ ಕಂಪೆನಿ ಸುಮಾರು 71.5 ಕೋಟಿ ಡಾಲರ್ ಕೊಟ್ಟು ಆ ಸರಣಿಯನ್ನು ಕೊಂಡಿತು. ಕಷ್ಟ ಬಂದಾಗ ಕೈಕಟ್ಟಿ ಕೂರದ ಹೆಣ್ಣು ಯಾವ ದೇಶದವಳಾದರೂ ನಮಗೆ ಪಾಠವೇ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಮಾಂಸ ಹಲಾಲೇ?

ಅಮೆರಿಕದ ದೊಡ್ಡ ಸರಣಿಗಳಲ್ಲಿ ಹಲಾಲ್ ಮಾಂಸ ಸಾಮಾನ್ಯ ಪದ್ಧತಿಯಲ್ಲ. ಕೇಳದೆ ಹಲಾಲ್ ಇರಬಹುದೆಂದು ಭಾವಿಸಬೇಡಿ. ಗ್ರಂಥದವರು ಕೊಯ್ದದ್ದರ ಬಗ್ಗೆಯೂ ಅಲ್ಲಿನ ಕಸಾಯಿಖಾನೆಗಳ ಬಗ್ಗೆಯೂ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಈ ಅಂಕಣದ್ದಲ್ಲ. ನಿಮ್ಮ ಮನೆಯವರು ಯಾವುದನ್ನು ಪಾಲಿಸುತ್ತಾರೋ ಅದನ್ನು ಮನೆಯಲ್ಲೇ ಮಾತಾಡಿ ತೀರ್ಮಾನಿಸಿ. ಮೇಜಿನ ಮುಂದೆ ಕೂತ ಮೇಲೆ ಹಿರಿಯರನ್ನು ಸಂಕಟಕ್ಕೆ ಒಡ್ಡಬೇಡಿ. ಫೋನ್ ಮಾಡಿ ಕೇಳಲು ನಾಚಿಕೆ ಬೇಡ. "ಮಾಂಸ ಹಲಾಲ್ ಪ್ರಮಾಣಪತ್ರದ್ದೇ? ಎಲ್ಲ ಮಾಂಸವೂ ಹಾಗೆಯೇ, ಅಥವಾ ಕೆಲವು ಮಾತ್ರವೇ? ಅದೇ ಬೆಂಕಿಯ ಮೇಲೆ ಹಂದಿಮಾಂಸವನ್ನೂ ಬೇಯಿಸುತ್ತೀರಾ?" ಈ ಮೂರು ಪ್ರಶ್ನೆ ಸಾಕು. ಒಳ್ಳೆಯ ಹೋಟೆಲಿನವರು ಬೇಸರಿಸದೆ ಉತ್ತರಿಸುತ್ತಾರೆ. ಉತ್ತರ ತೃಪ್ತಿಯಾಗದಿದ್ದರೆ ಅಲ್ಲಿ ಮೀನಿನ ಊಟವನ್ನು ಆರಿಸಬಹುದು, ಇಲ್ಲವೇ ಹಲಾಲ್ ಸ್ಟೇಕ್ ಕೊಡುವ ಬೇರೆ ಹೋಟೆಲಿಗೆ ಹೋಗಬಹುದು. ಅಮೆರಿಕದ ದೊಡ್ಡ ನಗರಗಳಲ್ಲಿ ಅಂಥವೂ ಇವೆ. ಗಲ್ಫಿನಲ್ಲಿರುವವರಿಗೆ ಮಾಂಸದ ಚಿಂತೆ ಕಡಿಮೆ. ಯುಎಇಗೆ ಆಮದಾಗುವ ಮಾಂಸಕ್ಕೆ ಹಲಾಲ್ ಪ್ರಮಾಣಪತ್ರ ಕಡ್ಡಾಯ. ಆದರೆ ಅಲ್ಲಿಯೂ ದೊಡ್ಡ ಹೋಟೆಲುಗಳಲ್ಲಿ ಮದ್ಯ ಬಡಿಸುವುದುಂಟು.

ಮಾಂಸದ ಪ್ರಶ್ನೆ ಮುಗಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ಜೊತೆಗೆ ಬರುವ ತಿನಿಸುಗಳಲ್ಲೇ ನಾವು ಎಡವುವುದು. ಬೋರ್ಡಲೇಸ್ ಸಾಸ್‌ಗೆ ಕೆಂಪು ವೈನ್ ಹಾಕುತ್ತಾರೆ. ಕರಿಮೆಣಸಿನ 'ಓ ಪ್ವಾವ್ರ್' ಸಾಸ್‌ಗೆ ಬ್ರಾಂದಿ ಬೀಳುವುದು ಸಾಮಾನ್ಯ. ಈರುಳ್ಳಿಯ ಫ್ರೆಂಚ್ ಸೂಪಿಗೂ ಹೆಚ್ಚಾಗಿ ವೈನ್ ಸೇರುತ್ತದೆ. 'ವೆಜ್' ಎಂಬ ಹೆಸರು ನೋಡಿ ಮೋಸ ಹೋಗಬೇಡಿ. 'ವೆಜ್ ಸಲಾಡ್' ಎಂದರೆ ಸಸ್ಯಾಹಾರಿಯೆಂದಲ್ಲ. ಕೋಸಿನಂಥ ಲೆಟ್ಯೂಸನ್ನು ಹೋಳು ಮಾಡಿ ಅದರ ಮೇಲೆ ಹಂದಿಮಾಂಸದ ಬೇಕನ್ ಚೂರು ಉದುರಿಸುತ್ತಾರೆ. 'ಲೋಡೆಡ್' ಆಲೂಗಡ್ಡೆಯ ಮೇಲೆಯೂ ಅದೇ. ಸಿಹಿಯಲ್ಲಿ 'ಬನಾನಾಸ್ ಫಾಸ್ಟರ್' ರಮ್ ಹಾಕಿ ಮಾಡುವಂಥದ್ದು. ಬೇಕನ್ ಇಲ್ಲದ, ಮದ್ಯ ಹಾಕದ ತಿನಿಸು ಯಾವುದೆಂದು ಮೊದಲೇ ಕೇಳಿ.

ಇನ್ನು ಆ ಕೆಂಪು ಬಣ್ಣದ ವಿಷಯ. ಅತ್ತೆಯವರು ಅದನ್ನು ರಕ್ತವೆಂದೇ ತಿಳಿದರು. ನಿಜವಾಗಿ ಅದು ರಕ್ತವಲ್ಲ. ಪ್ರಾಣಿಯನ್ನು ಕೊಯ್ದಾಗಲೇ ರಕ್ತ ಹರಿದುಹೋಗಿರುತ್ತದೆ. ಮಾಂಸಖಂಡದಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ನೀರಿನೊಂದಿಗೆ ಸೇರಿ ಹಾಗೆ ಕಾಣುತ್ತದೆ. ಆದರೂ ಇಷ್ಟವಾಗದಿದ್ದರೆ ಒತ್ತಾಯವೇಕೆ? ಬೇಯಿಸುವ ಹದ ಐದು ಬಗೆ. ರೇರ್ ಎಂದರೆ ಬಹುತೇಕ ಹಸಿ. ನಂತರ ಮೀಡಿಯಂ ರೇರ್, ಮೀಡಿಯಂ, ಮೀಡಿಯಂ ವೆಲ್. ಕೊನೆಯದು ವೆಲ್ ಡನ್, ಅಂದರೆ ಪೂರ್ತಿ ಬೆಂದದ್ದು. ಮನೆಯ ಸುಕ್ಕಾ ತಿಂದು ಬೆಳೆದ ನಮಗೆ ಕೊನೆಯ ಎರಡೇ ಒಗ್ಗುವುದು. ದಪ್ಪ ತುಂಡನ್ನು ಪೂರ್ತಿ ಬೇಯಿಸಿದರೆ ಒಣಗಿ ಗಟ್ಟಿಯಾಗುತ್ತದೆ. ಆದ್ದರಿಂದ ನಡುವೆ ಸೀಳಿ ತೆಳ್ಳಗೆ ಬಿಡಿಸಿ ಬೇಯಿಸಲು ಹೇಳಿ. ಅದಕ್ಕೆ 'ಬಟರ್‌ಫ್ಲೈ' ಎನ್ನುತ್ತಾರೆ. ಇಡೀ ತುಂಡಿನ ಒಳಗಿನ ಬಿಸಿ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ನಿಲ್ಲಬೇಕು, ಕೊಚ್ಚಿದ ಮಾಂಸವಾದರೆ 71 ಡಿಗ್ರಿ ಆಗಬೇಕು ಎಂಬುದು ಅಮೆರಿಕ ಸರಕಾರದ ಕೃಷಿ ಇಲಾಖೆಯ ಸಲಹೆ. ಗರ್ಭಿಣಿಯರು ಅರೆಬೆಂದ ಮಾಂಸವನ್ನು ಮುಟ್ಟಲೇಬಾರದು. ಟೊಕ್ಸೊಪ್ಲಾಸ್ಮಾದಂಥ ರೋಗಾಣುಗಳು ಮಗುವಿಗೆ ಕೇಡು ತರುತ್ತವೆ.

ಮೆನುವಿನ ದೊಡ್ಡ ಹೆಸರುಗಳಿಗೂ ಬೆರಗಾಗಬೇಡಿ. 'ಪ್ರೈಮ್', 'ಚಾಯ್ಸ್', 'ಸೆಲೆಕ್ಟ್' ಎನ್ನುವುದು ಅದೇ ಇಲಾಖೆಯ ದರ್ಜೆಗಳು. ಮಾಂಸದೊಳಗೆ ಕೊಬ್ಬಿನ ಗೆರೆಗಳು ಹೆಚ್ಚಿದ್ದಷ್ಟೂ ದರ್ಜೆ ಮೇಲು. ಆದರೆ 'ಪ್ರೈಮ್ ರಿಬ್' ಎಂಬುದು ಬರೀ ಒಂದು ಭಾಗದ ಹೆಸರು, ದರ್ಜೆಯಲ್ಲ. 'ಆ್ಯಂಗಸ್' ಎಂಬುದು ದನದ ತಳಿ, ಅದೂ ದರ್ಜೆಯಲ್ಲ. ಹಲ್ಲು ಸರಿಯಿಲ್ಲದ ಹಿರಿಯರಿಗೆ ಮೆತ್ತಗಿನ 'ಫಿಲೆ' ಒಳ್ಳೆಯದು. ಕೊಬ್ಬಿನ ರುಚಿ ಬೇಕೆನ್ನುವವರಿಗೆ 'ರಿಬ್‌ಐ'. ತೂಕವನ್ನೂ ನೋಡಿ. 16 ಔನ್ಸ್ ಎಂದರೆ ಸುಮಾರು 450 ಗ್ರಾಂ, ನಮ್ಮ ಮನೆಗಳಲ್ಲಿ ಇಬ್ಬರಿಗೆ ಧಾರಾಳ. ಹಂಚಿಕೊಂಡು ತಿಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಚಿಕ್ಕ ಮಕ್ಕಳಿದ್ದರೆ ಒಂದು ಎಚ್ಚರ. ರೂತ್ಸ್ ಕ್ರಿಸ್‌ನಲ್ಲಿ ತಟ್ಟೆಯನ್ನು 260 ಡಿಗ್ರಿಗೆ ಕಾಯಿಸಿ ಚುರುಗುಟ್ಟುವ ಬೆಣ್ಣೆಯೊಂದಿಗೇ ತಂದಿಡುತ್ತಾರೆ.

ಲೆಕ್ಕವನ್ನೂ ಮನೆಯಲ್ಲೇ ಮಾಡಿ. ಇಂಥಲ್ಲಿ ಸ್ಟೇಕ್‌ಗೆ ಬೇರೆ ಬೆಲೆ, ಆಲೂಗಡ್ಡೆ ಸೊಪ್ಪುಗಳಿಗೆ ಬೇರೆ ಬೆಲೆ. ಒಂದು ಸ್ಟೇಕ್‌ಗೆ 60 ಡಾಲರ್ ಎಂದಿಟ್ಟುಕೊಳ್ಳಿ. ನಾಲ್ವರಿಗೆ 240, ಎರಡು ಪಕ್ಕದ ತಿನಿಸಿಗೆ 30, ಒಟ್ಟು 270 ಆಯಿತು. ಶೇಕಡಾ 8ರ ತೆರಿಗೆ, ಶೇಕಡಾ 20ರ ಟಿಪ್ಸ್ ಸೇರಿದರೆ ಸುಮಾರು 345 ಡಾಲರ್. ಅಲ್ಲಿ ಬಡಿಸುವವರ ಜೀವನ ಟಿಪ್ಸ್ ಮೇಲೆಯೇ ನಿಂತಿರುವುದರಿಂದ ಅದರಲ್ಲಿ ಕೈ ಹಿಡಿಯುವಂತಿಲ್ಲ. ಇಷ್ಟು ತೆರಲು ಮನಸ್ಸು ಒಪ್ಪದಿದ್ದರೆ ಮಧ್ಯಮ ದರದ ಜಾಗಕ್ಕೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಉಳಿದದ್ದನ್ನು ಡಬ್ಬಿಯಲ್ಲಿ ಕಟ್ಟಿಸಿಕೊಳ್ಳಲು ಮರೆಯಬೇಡಿ. ಅಲ್ಲಿ ಅದು ವಾಡಿಕೆ.

ನನ್ನ ವಿದ್ಯಾರ್ಥಿನಿ ಮತ್ತೆ ಫೋನ್ ಮಾಡಿದ್ದಳು. ಅತ್ತೆ ಊರಿಗೆ ಮರಳುವ ವಾರ ಅವಳೇ ವಿಚಾರಿಸಿ, ಹಲಾಲ್ ಮಾಂಸದ ಸಣ್ಣ ಹೋಟೆಲೊಂದಕ್ಕೆ ಅವರನ್ನು ಕರೆದೊಯ್ದಳಂತೆ. ಬಿಳಿ ಮೇಜುಬಟ್ಟೆಯಿರಲಿಲ್ಲ. ಬಟರ್‌ಫ್ಲೈ ಮಾಡಿಸಿ ಪೂರ್ತಿ ಬೇಯಿಸಿದ ಸ್ಟೇಕ್ ಬಂತು. ಅತ್ತೆ ಬಿಸ್ಮಿ ಹೇಳಿ ತಿನ್ನತೊಡಗಿದರು. ಅರ್ಧ ಮುಗಿದ ಮೇಲೆ ತಲೆಯೆತ್ತಿ, "ಮೆತ್ತಗೇನೋ ಇದೆ, ಆದರೆ ಇವರಿಗೆ ಕೊತ್ತಂಬರಿ, ಜೀರಿಗೆ ಹುರಿಯಲು ಯಾರೂ ಕಲಿಸಲಿಲ್ಲವಾ?" ಎಂದರಂತೆ. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಮಗ ಮಾತ್ರ ಸ್ವಲ್ಪ ಹೊತ್ತು ತಲೆ ತಗ್ಗಿಸಿ, ತನ್ನ ತಟ್ಟೆಯ ಮೆತ್ತಗಿನ ತುಂಡೊಂದನ್ನು ಕತ್ತರಿಸಿ ತಾಯಿಯ ತಟ್ಟೆಗೆ ಹಾಕಿದ.

ಸಹೋದರಿಯರೇ, ಹೋಟೆಲು ಯಾವುದೆಂದು ಆಮೇಲೆ ಹುಡುಕೋಣ. ಜೊತೆಗೆ ಬರುವವರು ಏನು ತಿನ್ನುತ್ತಾರೆಂದು ಮೊದಲು ಅವರನ್ನೇ ಕೇಳೋಣ.