ಕಿವಿಗೆ ತೆರುವ ಕಂದಾಯ



ಮನೆ ಕಟ್ಟಿಸಿದವನು ಸಿಮೆಂಟಿನ ಚೀಲಗಳ ಲೆಕ್ಕವನ್ನೂ ಇಟ್ಟಿರುತ್ತಾನೆ. ಮಗಳ ಮದುವೆ ಮಾಡಿದವನು ಚಪ್ಪರದ ಬಾಡಿಗೆಯನ್ನು ಹತ್ತು ವರ್ಷಗಳ ಬಳಿಕವೂ ಮರೆಯುವುದಿಲ್ಲ. ಆದರೆ ಮನೆಯ ಸ್ಟೀರಿಯೋ ವ್ಯವಸ್ಥೆಯನ್ನು ಇಪ್ಪತ್ತು ಮೂವತ್ತು ವರ್ಷಗಳಿಂದ ಬದಲಾಯಿಸುತ್ತಲೇ ಬಂದಿರುವ ಹವ್ಯಾಸಿಯೊಬ್ಬನನ್ನು ವಿಚಾರಿಸಿ ನೋಡಿ. ಈಗಿರುವ ಆಂಪ್ಲಿಫೈಯರಿನ ಬೆಲೆಯನ್ನು ಹೆಮ್ಮೆಯಿಂದ ಹೇಳುತ್ತಾನೆ. ಅದಕ್ಕೆ ಹಿಂದಿನದನ್ನು ಎಷ್ಟಕ್ಕೆ ಮಾರಿದೆನೆಂದು ಹೇಳುವಾಗ ಆತನ ದನಿ ತಗ್ಗುತ್ತದೆ. ಇಷ್ಟು ವರ್ಷಗಳಲ್ಲಿ ಒಟ್ಟು ಎಷ್ಟಾಯಿತು ಎಂದು ಕೇಳಿದರೆ ಸುಮ್ಮನೆ ನಗುತ್ತಾನೆ. ಆ ನಗೆಯೊಂದಿಗೆ ನನಗೆ ಜಗಳವಿದೆ. ಸಂಗೀತದೊಂದಿಗಾಗಲಿ, ಅದನ್ನು ಮನೆಯಲ್ಲಿ ಚೆನ್ನಾಗಿ ಕೇಳಬೇಕೆಂಬ ಆಸೆಯೊಂದಿಗಾಗಲಿ ಅಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದ ಬಳಿ ಕೆನ್ ಫ್ರಿಟ್ಜ್ ಎಂಬವರೊಬ್ಬರಿದ್ದರು. ಜಗತ್ತಿನಲ್ಲೇ ಅತ್ಯುತ್ತಮವಾದ ಸ್ಟೀರಿಯೋ ತನ್ನ ಮನೆಯಲ್ಲಿರಬೇಕೆಂಬುದು ಅವರ ಹಂಬಲ. ಅದಕ್ಕಾಗಿ ದಶಕಗಳ ಕಾಲ ದುಡಿದರು. ಮನೆಗೆ ಹೊಂದಿಕೊಂಡಂತೆ ದೊಡ್ಡದೊಂದು ಶ್ರವಣ ಮಂದಿರವನ್ನೇ ಕಟ್ಟಿಸಿದರು, ಆಳೆತ್ತರವನ್ನೂ ಮೀರಿದ ಸ್ಪೀಕರುಗಳನ್ನು ಸ್ವತಃ ನಿರ್ಮಿಸಿದರು, ಧ್ವನಿಮುದ್ರಿಕೆಯನ್ನು ತಿರುಗಿಸುವ ಟರ್ನ್‌ಟೇಬಲನ್ನು ಕೂಡ ತಮ್ಮದೇ ವಿನ್ಯಾಸದಲ್ಲಿ ಮಾಡಿದರು. ಅವರ ಮಕ್ಕಳ ಬಿಡುವಿನ ವೇಳೆಯೂ ಆ ಕೆಲಸಕ್ಕೇ ಮೀಸಲಾಯಿತು. ಒಟ್ಟು ವೆಚ್ಚ ಸುಮಾರು 10 ಲಕ್ಷ ಡಾಲರ್ ಎಂದು ಅಂದಾಜು. ಅವರ ಸಾಧನೆಯನ್ನು ಕುರಿತು ಸಾಕ್ಷ್ಯಚಿತ್ರವೊಂದು ಕೂಡ ಬಂತು. ಅಷ್ಟರಲ್ಲಿ ಸ್ನಾಯುಗಳನ್ನು ಕ್ರಮೇಣ ನಿಷ್ಕ್ರಿಯಗೊಳಿಸುವ ರೋಗ ಅವರನ್ನು ಹಿಡಿದಿತ್ತು. ಮುದ್ರಿಕೆಯೊಂದನ್ನು ಎತ್ತಿ ಇಡುವ ಶಕ್ತಿಯೂ ಕೈಗಳಲ್ಲಿ ಉಳಿಯಲಿಲ್ಲ. 2022ರಲ್ಲಿ ಅವರು ತೀರಿಕೊಂಡರು. ಆ ವ್ಯವಸ್ಥೆಯನ್ನು ಒಟ್ಟಾಗಿ ಕೊಳ್ಳುವವರು ಯಾರೂ ಬರಲಿಲ್ಲ. ಬಿಡಿಬಿಡಿಯಾಗಿ ಹರಾಜು ಹಾಕಿದಾಗ ಕೈಗೆ ಬಂದ ಹಣ ಸುಮಾರು 1,56,800 ಡಾಲರ್. 2024ರ ಜನವರಿಯಲ್ಲಿ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆ ಈ ವೃತ್ತಾಂತವನ್ನು ವಿಸ್ತಾರವಾಗಿ ಪ್ರಕಟಿಸಿತು. ಅದನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಡಾಲರುಗಳ ಲೆಕ್ಕವಲ್ಲ. ಮೊದಲ ವಿವಾಹ ಮುರಿದಿತ್ತು. ಒಬ್ಬ ಮಗನೊಡನೆ ಮಾತು ನಿಂತುಹೋಗಿತ್ತು. ತಂದೆ ಮಗ ಸಮಾಧಾನವಾಗದೆಯೇ ಅಗಲಿದರು.

'ಅದು ಅಪರೂಪದ ಹುಚ್ಚು, ಎಲ್ಲರೂ ಹಾಗಲ್ಲ' ಎಂದು ನೀವು ಹೇಳುವಿರಿ. ಒಪ್ಪೋಣ. ಹಾಗಾದರೆ ಸಾಮಾನ್ಯ ಹವ್ಯಾಸಿಯ ಲೆಕ್ಕವನ್ನೇ ಹಾಕೋಣ, ಪೆನ್ಸಿಲು ತೆಗೆದುಕೊಳ್ಳಿ. ಒಬ್ಬಾತನ ಬಳಿ ಮೂರು ಉಪಕರಣಗಳಿವೆ: ಸ್ಪೀಕರುಗಳ ಒಂದು ಜೋಡಿ, ಆಂಪ್ಲಿಫೈಯರ್, ಪ್ಲೇಯರ್. ಒಂದೊಂದರ ಬೆಲೆ 1 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಗಳಿಗೊಮ್ಮೆ ಪ್ರತಿಯೊಂದನ್ನೂ ಅರ್ಧ ಬೆಲೆಗೆ ಮಾರಿ, ಅಷ್ಟೇ ಬೆಲೆಯ ಹೊಸದನ್ನು ತರುತ್ತಾನೆ. 24 ವರ್ಷಗಳಲ್ಲಿ ಒಂದೊಂದು ಉಪಕರಣ ಐದು ಬಾರಿ ಬದಲಾಗುತ್ತದೆ. ಮೊದಲ 1 ಲಕ್ಷ, ಐದು ಬದಲಾವಣೆಗಳ ನಷ್ಟ ಎರಡೂವರೆ ಲಕ್ಷ, ಹೀಗೆ ಒಂದಕ್ಕೆ ಮೂರೂವರೆ ಲಕ್ಷ. ಮೂರಕ್ಕೆ ಹತ್ತೂವರೆ ಲಕ್ಷ. ಕೊನೆಯಲ್ಲಿ ಮನೆಯಲ್ಲಿ ಉಳಿದಿರುವ ಸಾಮಗ್ರಿಯನ್ನು ಮಾರಿದರೆ ಸಿಗುವುದು ಒಂದೂವರೆ ಲಕ್ಷ. ಬೆಲೆಯೇರಿಕೆಯನ್ನು ಇಲ್ಲಿ ಸೇರಿಸಿಲ್ಲ. ವೈರುಗಳನ್ನೂ ಸೇರಿಸಿಲ್ಲ. ಪ್ರತಿ ಬಾರಿಯೂ ಹಿಂದಿಗಿಂತ ತುಸು ದುಬಾರಿಯಾದದ್ದನ್ನೇ ತರುವುದು ಹವ್ಯಾಸಿಯ ಸ್ವಭಾವ, ಅದನ್ನೂ ಬಿಟ್ಟಿದ್ದೇನೆ. ಒಂದೇ ಸಲಕ್ಕೆ ಹತ್ತೂವರೆ ಲಕ್ಷ ಕೊಡೆಂದರೆ ಆತ ಹೌಹಾರುತ್ತಿದ್ದ. ಹನಿಹನಿಯಾಗಿ ತೆರುವುದರಿಂದ ನೋವು ತಿಳಿಯುವುದಿಲ್ಲ.

ಹೀಗೆ ಹನಿಹನಿಯಾಗಿ ತೆರುವಂತೆ ಮಾಡುವುದು ಈ ವ್ಯಾಪಾರದ ಒಂದು ವಿಶಿಷ್ಟ ಕಲೆ. ಸ್ಕಾಟ್ಲೆಂಡಿನ ಲಿನ್ ಎಂಬ ಕಂಪನಿ ಸಾಂಡೆಕ್ ಎಲ್‌ಪಿ 12 ಎಂಬ ಟರ್ನ್‌ಟೇಬಲನ್ನು 1970ರ ದಶಕದ ಆರಂಭದಿಂದ ಇಂದಿನವರೆಗೂ ತಯಾರಿಸುತ್ತಾ ಬಂದಿದೆ. ಯಂತ್ರ ಉತ್ತಮವಾದದ್ದೇ, ಅನುಮಾನವಿಲ್ಲ. ಹಳೆಯದನ್ನು ಎಸೆಯಬೇಕಾಗಿಲ್ಲ, ಬಿಡಿಭಾಗಗಳನ್ನು ಬದಲಾಯಿಸುತ್ತಾ ಹೋಗಬಹುದು. ಎಸೆದು ಕೊಳ್ಳುವ ಈ ಕಾಲದಲ್ಲಿ ಇದು ಮೆಚ್ಚತಕ್ಕ ಗುಣವೂ ಹೌದು. ಆದರೆ ಅದೇ ಗುಣದ ಇನ್ನೊಂದು ಮುಖವನ್ನು ನೋಡಿ. 1982ರಲ್ಲಿ ಹೊಸ ವಿದ್ಯುತ್ ಘಟಕ ಬಂತು, 1990ರಲ್ಲಿ ಅದಕ್ಕಿಂತ ಮೇಲಾದುದು ಬಂತು, 1993ರಲ್ಲಿ ಹೊಸ ಬೇರಿಂಗು, 2007ರಲ್ಲಿ ಹೊಸ ಅಡಿಚೌಕಟ್ಟು. ಮುಳ್ಳನ್ನು ಹಿಡಿಯುವ ತೋಳುಗಳು ಬೇರೆ. ಮೂವತ್ತು ವರ್ಷಗಳ ಬಳಿಕ ಮೂಲ ಯಂತ್ರದ ಯಾವ ಭಾಗ ಉಳಿದಿದೆ ಎಂದು ಹುಡುಕಬೇಕಾದೀತು! ಐವತ್ತನೆಯ ವರ್ಷದ ನೆನಪಿಗಾಗಿ 2023ರಲ್ಲಿ ಕಂಪನಿ 250 ವಿಶೇಷ ಯಂತ್ರಗಳನ್ನು ಹೊರತಂದಿತು. ಒಂದೊಂದರ ಬೆಲೆ 50,000 ಪೌಂಡ್, ಎಂದರೆ ಐವತ್ತು ಲಕ್ಷ ರೂಪಾಯಿಗೂ ಮೇಲೆ. ಮುದ್ರಿಕೆಯನ್ನು ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದಂಶ ಸುತ್ತು ತಿರುಗಿಸುವ ಕೆಲಸಕ್ಕೆ.

ಇನ್ನು ಕಿವಿಯ ವಿಚಾರ. ಮನುಷ್ಯನ ಕಿವಿ ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ಅದೂ ಎಳೆಯ ವಯಸ್ಸಿನಲ್ಲಿ. ವಯಸ್ಸಾದಂತೆ ಮೇಲಿನ ತುದಿ ಕ್ಷೀಣಿಸುತ್ತಾ ಹೋಗುತ್ತದೆ; ಐವತ್ತು ದಾಟಿದ ನನ್ನಂಥವರಿಗೆ ಬಾಲಕನೊಬ್ಬನಿಗೆ ಕೇಳಿಸುವಷ್ಟು ಕೇಳಿಸದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು 20,000 ಕಂಪನಗಳ ಮಿತಿಯನ್ನು ಆಗಲೇ ತುಂಬಿಕೊಟ್ಟಿತ್ತು. ಲಕ್ಷಗಟ್ಟಲೆ ವೆಚ್ಚ ಮಾಡುವ ಶಕ್ತಿ ಮನುಷ್ಯನಿಗೆ ಒದಗುವುದು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಅಂದರೆ ಕಿವಿಯ ಶಕ್ತಿ ಇಳಿಮುಖವಾದ ಮೇಲೆ. ಹೀಗಿರುವಾಗ ಆತ ದುಡ್ಡು ಕೊಟ್ಟು ಕೊಳ್ಳುತ್ತಿರುವುದಾದರೂ ಏನನ್ನು?

ಈ ಪ್ರಶ್ನೆಯನ್ನು ಬಲ್ಲವರು ಪರೀಕ್ಷೆಗೆ ಒಡ್ಡಿದ್ದಾರೆ. ಕಾಂಪ್ಯಾಕ್ಟ್ ಡಿಸ್ಕಿಗಿಂತ ಹೆಚ್ಚು ಸೂಕ್ಷ್ಮವೆಂದು ಹೆಸರಾದ ಮುದ್ರಿಕೆಗಳನ್ನು ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಕೇಳುಗರಿಗೆ ಕೇಳಿಸಿದರು. ಒಮ್ಮೆ ಇದ್ದ ಹಾಗೆಯೇ, ಇನ್ನೊಮ್ಮೆ ಡಿಸ್ಕಿನ ಮಟ್ಟಕ್ಕೆ ಇಳಿಸಿ. ಯಾವುದು ಯಾವುದೆಂದು ಹೇಳದೆ. 2007ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ 554 ಪ್ರಯತ್ನಗಳಲ್ಲಿ ಸರಿಯಾದ ಉತ್ತರ ಬಂದದ್ದು 276 ಬಾರಿ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತು. ಅದಕ್ಕೂ ಮುಂಚೆ, 1994ರಲ್ಲಿ, ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ತಜ್ಞರು ಬೇರೊಂದನ್ನು ತೋರಿಸಿಕೊಟ್ಟಿದ್ದರು. ಸ್ಪೀಕರುಗಳು ಕಣ್ಣಿಗೆ ಕಾಣುವಂತಿದ್ದಾಗ ಕೇಳುಗರು ಕೊಡುವ ಅಂಕಗಳೇ ಬೇರೆ, ಪರದೆಯ ಹಿಂದೆ ಇದ್ದಾಗ ಕೊಡುವ ಅಂಕಗಳೇ ಬೇರೆ. ಕಿವಿಯ ತೀರ್ಪಿನಲ್ಲಿ ಕಣ್ಣು ಸಾಕ್ಷಿ ನುಡಿಯುತ್ತದೆ ಎಂದಾಯಿತು.

ಇದು ಹೊಸ ದೌರ್ಬಲ್ಯವೂ ಅಲ್ಲ. 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಎಡಿಸನ್ ಅವರ ಕಂಪನಿ ಅಮೆರಿಕದ ಊರೂರುಗಳಲ್ಲಿ ಪ್ರದರ್ಶನಗಳನ್ನು ಏರ್ಪಡಿಸಿತ್ತು. ಗಾಯಕಿ ವೇದಿಕೆಯಲ್ಲಿ ಹಾಡುತ್ತಾಳೆ, ದೀಪ ಆರುತ್ತದೆ, ಯಂತ್ರ ಹಾಡನ್ನು ಮುಂದುವರಿಸುತ್ತದೆ. ದೀಪ ಹತ್ತಿದಾಗ ವೇದಿಕೆ ಬರಿದು. ವ್ಯತ್ಯಾಸ ತಿಳಿಯಲಿಲ್ಲವೆಂದು ಸಭಿಕರು ಬೆರಗಾದರು. ಅದು ವಿದ್ಯುತ್ತಿನ ಆಂಪ್ಲಿಫೈಯರು ಕೂಡ ಇಲ್ಲದ, ಕೊಳವೆಯ ಮೂಲಕ ಧ್ವನಿ ಹೊರಡಿಸುತ್ತಿದ್ದ ಯಂತ್ರ! ಇಂದು ಅದನ್ನು ಕೇಳಿದ ಯಾವ ಹವ್ಯಾಸಿಯೂ ಮುಖ ಸಿಂಡರಿಸಿಯಾನು. ನೂರು ವರ್ಷಗಳಿಂದಲೂ ಪ್ರತಿ ತಲೆಮಾರಿಗೆ 'ಇದೇ ನಿಜವಾದ ಧ್ವನಿ' ಎಂದು ಯಾರಾದರೂ ಹೇಳುತ್ತಲೇ ಬಂದಿದ್ದಾರೆ, ಕೇಳುವವರು ನಂಬುತ್ತಲೇ ಬಂದಿದ್ದಾರೆ.

ಇದನ್ನು ಹೊರಗಿನವರ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿಲ್ಲ. 1962ರಲ್ಲಿ 'ಸ್ಟೀರಿಯೋಫೈಲ್' ಪತ್ರಿಕೆಯನ್ನು ಸ್ಥಾಪಿಸಿ, ಯಂತ್ರಗಳನ್ನು ಕಿವಿಯಿಂದ ಕೇಳಿಯೇ ವಿಮರ್ಶಿಸುವ ಪದ್ಧತಿಗೆ ತಳಹದಿ ಹಾಕಿದವರು ಜೆ. ಗಾರ್ಡನ್ ಹೋಲ್ಟ್. ಈ ಹವ್ಯಾಸದ ಪಿತಾಮಹರಲ್ಲಿ ಒಬ್ಬರು ಎನ್ನಬೇಕು. 2009ರಲ್ಲಿ ಅವರು ಕಾಲವಾದರು. ಅದಕ್ಕೆ ಎರಡು ವರ್ಷ ಮುಂಚೆ, ತಾವೇ ಸ್ಥಾಪಿಸಿದ ಪತ್ರಿಕೆಯ ಪುಟಗಳಲ್ಲಿಯೇ, ಇಂತಹ ಕಣ್ಣುಕಟ್ಟಿದ ಪರೀಕ್ಷೆಗಳಿಗೆ ಒಳಪಡಲು ನಿರಾಕರಿಸಿದ್ದರಿಂದ ದುಬಾರಿ ಯಂತ್ರಗಳ ಉದ್ಯಮ 1980ರ ದಶಕದಲ್ಲಿಯೇ ತನ್ನ ವಿಶ್ವಾಸಾರ್ಹತೆಯನ್ನು ಕಳೆದುಕೊಂಡಿತು ಎಂದು ನಿಷ್ಠುರವಾಗಿ ನುಡಿದರು. ಮನೆಯ ಯಜಮಾನನೇ ಗೋಡೆ ಬಿರುಕು ಬಿಟ್ಟಿದೆ ಎಂದಮೇಲೆ ನೆಂಟರು ವಾದಿಸುವುದೇಕೆ?

ಆದರೂ ಉದ್ಯಮ ಬೆಳೆದಿದೆ. ಸ್ಪೀಕರಿಗೆ ಜೋಡಿಸುವ ತಂತಿಗಳಿಗೆ ಸಾವಿರಾರು ಡಾಲರುಗಳ ಬೆಲೆ; ಆ ತಂತಿ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಪುಟ್ಟ ಕಂಬಗಳಿಗೆ ಬೇರೆ ಬೆಲೆ; ಬೆರಳ ತುದಿಯಷ್ಟು ಗಾತ್ರದ ಫ್ಯೂಸಿಗೆ ನೂರು ಡಾಲರಿಗೂ ಮೇಲೆ. ವಿದ್ಯುತ್ ಕೇಂದ್ರದಿಂದ ಮನೆಯ ಗೋಡೆಯೊಳಗಿನವರೆಗೆ ಮೈಲುಗಟ್ಟಲೆ ಸಾಮಾನ್ಯ ತಂತಿಯಲ್ಲಿ ಹರಿದು ಬಂದ ಕರೆಂಟು, ಕೊನೆಯ ಒಂದೂವರೆ ಮೀಟರಿನಲ್ಲಿ ಪರಿಶುದ್ಧವಾಗುತ್ತದಂತೆ! ಜಪಾನಿನಲ್ಲಿ ಇದಕ್ಕೂ ಪರಿಹಾರ ಕಂಡುಕೊಂಡಿದ್ದಾರೆ. ತನ್ನ ಸ್ಟೀರಿಯೋಗೆ ಬೆರಕೆಯಿಲ್ಲದ ವಿದ್ಯುತ್ತು ಬೇಕೆಂದು 82 ವರ್ಷದ ವಕೀಲರೊಬ್ಬರು ಟೋಕಿಯೋದಲ್ಲಿ ಸ್ವಂತಕ್ಕೊಂದು ವಿದ್ಯುತ್ ಕಂಬವನ್ನೇ ನೆಡಿಸಿಕೊಂಡ ಸುದ್ದಿ 2016ರಲ್ಲಿ ಬಂದಿತ್ತು. ಮಳೆಗಾಲದಲ್ಲಿ ವಾರಗಟ್ಟಲೆ ದೀಪವಿಲ್ಲದೆ ಕೂರುವ ನಮ್ಮ ಮಲೆನಾಡಿನ ಜನ ಇದನ್ನು ಓದಿ ಏನೆಂದುಕೊಂಡಾರೋ.

ಅನ್ಯಾಯವಾಗಿ ಮಾತನಾಡಬಾರದು. ಅಗ್ಗದ ಡಬ್ಬಿಯಲ್ಲಿ ಗದ್ದಲ ಕೇಳುವುದಕ್ಕೂ ಒಳ್ಳೆಯ ಸ್ಪೀಕರಿನಲ್ಲಿ ಸಂಗೀತ ಕೇಳುವುದಕ್ಕೂ ಅಂತರವಿದೆ. ಸ್ಪೀಕರುಗಳಲ್ಲಿ ನಿಜವಾದ ತಾರತಮ್ಯವಿರುವುದನ್ನು ಟೂಲ್ ಅವರ ಸಂಶೋಧನೆಯೇ ಎತ್ತಿ ತೋರಿಸಿದೆ. ಸ್ಪೀಕರಿನಷ್ಟೇ ಮುಖ್ಯವಾದದ್ದು ಕೋಣೆ. ಬರಿಯ ಸಿಮೆಂಟು ಗೋಡೆ, ಹೊಳೆಯುವ ನೆಲಹಾಸಿನ ಕೋಣೆಯಲ್ಲಿ ಎಂತಹ ಯಂತ್ರವೂ ಮಾರ್ದನಿಯಿಂದ ಕೆಡುತ್ತದೆ. ದಪ್ಪನೆಯ ಪರದೆ, ಒಂದು ಜಮಖಾನ, ಗೋಡೆಯುದ್ದಕ್ಕೂ ಪುಸ್ತಕದ ಕಪಾಟು, ಇವು ಮಾಡುವ ಉಪಕಾರವನ್ನು ಯಾವ ತಂತಿಯೂ ಮಾಡಲಾರದು. ಆದರೆ ಜಮಖಾನವನ್ನು ಮೆಚ್ಚಿ ವಿಮರ್ಶೆ ಬರೆಯುವವರು ಯಾರು? ಅದರಲ್ಲಿ ಮುಂದಿನ ವರ್ಷದ ಹೊಸ ಮಾದರಿ ಬರುವುದಿಲ್ಲವಲ್ಲ.

ಸಂಗೀತಕ್ಕೆ ಹಣ ಸುರಿಯುವ ಬೇರೆ ದಾರಿಗಳೂ ಇವೆ, ಅವನ್ನು ನಮ್ಮ ಮೈಸೂರಿನವರೊಬ್ಬರು ತೋರಿಸಿದ್ದಾರೆ. ಮಹಾರಾಜ ಜಯಚಾಮರಾಜ ಒಡೆಯರ್ ಅವರ ಅರಮನೆಯಲ್ಲಿ ಧ್ವನಿಮುದ್ರಿಕೆಗಳ ಅಪಾರ ಭಂಡಾರವಿತ್ತು, ಬಗೆಬಗೆಯ ಧ್ವನಿವರ್ಧಕಗಳಿದ್ದವು. ಆ ದೃಷ್ಟಿಯಿಂದ ಅವರೂ ಹವ್ಯಾಸಿಯೇ. ಆದರೆ ಅವರು ಅಷ್ಟಕ್ಕೆ ನಿಲ್ಲಲಿಲ್ಲ. ರಷ್ಯಾವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತ ರಚನಕಾರರು ಮುಪ್ಪಿನಲ್ಲಿ ರೋಗದಿಂದ ಬಳಲುತ್ತಿದ್ದರು, ಲೋಕ ಅವರನ್ನು ಬಹುಮಟ್ಟಿಗೆ ಮರೆತಿತ್ತು. ಮಹಾರಾಜರು ಹಣ ಒದಗಿಸಿ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವಂತೆ ಮಾಡಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು; ಮುದ್ರಿಕೆಗಳು ಉಳಿದವು. ತಮ್ಮ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟದ್ದು ಕೂಡ ಇದೇ ಮಹಾರಾಜರ ಆರ್ಥಿಕ ಬೆಂಬಲದಿಂದ. ಅರಸರ ಹಣವೆಂದರೆ ಪ್ರಜೆಗಳ ಹಣವಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯೂ ಸರಿಯೇ. ಆದರೆ ಆ ಹಣ ಹೋದದ್ದು ನುಡಿಸುವವನ ಕೈಗೆ. ಅಮೆರಿಕದಲ್ಲಿ ಸ್ಟೀರಿಯೋ ತಯಾರಿಸಿಯೇ ಶ್ರೀಮಂತರಾದ ಏವರಿ ಫಿಶರ್ ಎಂಬವರು ಸ್ವತಃ ಪಿಟೀಲು ನುಡಿಸುವವರು. 1973ರಲ್ಲಿ ನ್ಯೂಯಾರ್ಕಿನ ಸಂಗೀತ ಸಭಾಭವನಕ್ಕೆ 105 ಲಕ್ಷ ಡಾಲರ್ ಕೊಟ್ಟರು. ಯಂತ್ರ ಮಾರಿದವರಿಗೂ ಗೊತ್ತಿತ್ತು, ಸಂಗೀತ ಹುಟ್ಟುವುದು ಯಂತ್ರದಲ್ಲಲ್ಲ ಎಂದು.

'ನನ್ನ ದುಡಿಮೆ, ನನ್ನ ಹಣ. ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ಮನೆಯಲ್ಲೇ ಕುಳಿತು ಸಂಗೀತ ಕೇಳುತ್ತೇನೆ, ನಿಮಗೇನು ತೊಂದರೆ?' ಇದು ಕೊನೆಯ ವಾದ, ಗಟ್ಟಿಯಾದದ್ದೂ ಹೌದು. ನನ್ನ ಉತ್ತರವಿಷ್ಟೇ: ಮನೆಯಲ್ಲಿ ನೀವೊಬ್ಬರೇ ಇದ್ದಲ್ಲಿ ನನಗೇನೂ ತೊಂದರೆಯಿಲ್ಲ. ಹೆಂಡತಿ ಮಕ್ಕಳಿದ್ದರೆ ಅದು 'ನನ್ನ ಹಣ' ಆಗುವುದು ಹೇಗೆ? ಕುಡಿಯುವವನ ಹೆಂಡತಿಗೆ ಗಂಡ ಎಷ್ಟು ಹಾಳು ಮಾಡಿದನೆಂಬುದು ಗೊತ್ತಿರುತ್ತದೆ, ಊರಿಗೂ ಗೊತ್ತಿರುತ್ತದೆ. ಹವ್ಯಾಸಿಯ ಹೆಂಡತಿಗೆ ಹೊಸ ಪೆಟ್ಟಿಗೆ ಬಂದದ್ದೇ ತಿಳಿಯುವುದಿಲ್ಲ, ಕಪ್ಪು ಪೆಟ್ಟಿಗೆಯ ಜಾಗದಲ್ಲಿ ಇನ್ನೊಂದು ಕಪ್ಪು ಪೆಟ್ಟಿಗೆ ಕುಳಿತಿರುತ್ತದೆ, ಅಷ್ಟೇ. ಇನ್ನು ಮಕ್ಕಳು. ಮುಟ್ಟಬೇಡ, ಓಡಬೇಡ, ಆ ಕುರ್ಚಿಯಲ್ಲಿ ಕೂರಬೇಡ. ಸರಿಯಾದ ಧ್ವನಿ ಕೇಳಿಸುವ ಜಾಗ ಕೋಣೆಯಲ್ಲಿ ಒಂದೇ ಇರುತ್ತದೆ; ಅಲ್ಲಿ ಕುರ್ಚಿಯೂ ಒಂದೇ. ಹಿಂದೆ ರೇಡಿಯೋದ ಸುತ್ತ ಮನೆಯವರೆಲ್ಲ ಕುಳಿತು ಕೇಳುತ್ತಿದ್ದರು, ಪಕ್ಕದ ಮನೆಯವರೂ ಬರುತ್ತಿದ್ದರು. ಅದರಲ್ಲಿ ಗರಗರ ಸದ್ದು ಇದ್ದೇ ಇರುತ್ತಿತ್ತು.

ಆದ್ದರಿಂದ ಈ ಹವ್ಯಾಸವಿರುವ ವಾಚಕರಲ್ಲಿ ನನ್ನದೊಂದು ಬೇಡಿಕೆ. ಕೊಂಡದ್ದು, ಮಾರಿದ್ದು, ರಿಪೇರಿ, ತಂತಿ, ಎಲ್ಲವನ್ನೂ ಮೊದಲ ವರ್ಷದಿಂದ ನೆನಪಿಸಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಕೆಳಗೆ ಒಟ್ಟು ಮೊತ್ತ ಹಾಕಿ. ಬಳಿಕ ಆ ಹಾಳೆಯನ್ನು ರಾತ್ರಿ ಊಟದ ಹೊತ್ತಿಗೆ ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಅವರು ಒಪ್ಪಿದರೆ ಮುಂದಿನ ಆಂಪ್ಲಿಫೈಯರನ್ನು ಧಾರಾಳವಾಗಿ ತನ್ನಿ. ನಾನು ಬಂದು ಕೇಳುತ್ತೇನೆ. ಎರಡನೆಯ ಕುರ್ಚಿಯೊಂದನ್ನು ಹಾಕಿಸಿರಿ.